ನಡೆದ ಜಮಾ, ತಿಂದ ಖರ್ಚು

ಬೆಳಿಗ್ಗೆ ಮುಕ್ಕಾಲು ಗಂಟೆ ನಡೆದು ಬಂದವನಿಗೆ ಎರಡು ಮಿರ್ಚಿ ಬಜ್ಜಿ ತಿನ್ನುವ ಹಕ್ಕು ಇದೆಯೋ ಇಲ್ಲವೋ? ಸುಪ್ರೀಂ ಕೋರ್ಟಿನವರೆಗೆ ಹೋಗಬೇಕಾದ ಮೊಕದ್ದಮೆ ಇದು. ಸದ್ಯಕ್ಕೆ ಹಿಂದೂಪುರದ ಎಂ.ಜಿ.ಎಂ. ಹೈಸ್ಕೂಲ್ ಮೈದಾನದ ಕಟ್ಟೆಯ ಮೇಲೆ ವಿಚಾರಣೆಯಲ್ಲಿದೆ. ವಾದಿ, ವಕೀಲ, ಸಾಕ್ಷಿ, ಕೊನೆಗೆ ಜಡ್ಜು ಕೂಡ ಒಬ್ಬರೇ: ನನ್ನ ಷಡ್ಡಕರು. ಪ್ರತಿವಾದಿ ಅವರ ಹೊಟ್ಟೆ. ಅದು ಬಾಯಿ ಬಿಡುವುದಿಲ್ಲ, ಬೆಳೆಯುತ್ತದೆ ಅಷ್ಟೆ.

ಷಡ್ಡಕರು ಹುಣಸೆ-ಬೆಲ್ಲದ ಮಂಡಿಯಲ್ಲಿ ಲೆಕ್ಕ ಬರೆದೇ ಕೂದಲು ನರೆಸಿಕೊಂಡವರು. ಹಿಂದೂಪುರದ ಮಂಡಿಯೆಂದರೆ ಸಾಮಾನ್ಯವಲ್ಲ ಸ್ವಾಮಿ. ಹುಣಸೆಯ ಕಾಲ ಬಂತೆಂದರೆ ಗಡಿಯ ಆಚೆ ಈಚೆ ಎರಡೂ ಕಡೆಯ ಸರಕು ಅಲ್ಲಿ ಬಂದು ಬೀಳುತ್ತದೆ. ದಲ್ಲಾಳಿ ತೆಲುಗಿನಲ್ಲಿ ಕೂಗುತ್ತಾನೆ, ರೈತ ಕನ್ನಡದಲ್ಲಿ ಗೊಣಗುತ್ತಾನೆ, ತಕ್ಕಡಿಗೆ ಎರಡೂ ಭಾಷೆ ಬರುತ್ತದೆ. ಅಂಥ ಕಡೆ ಒಂದು ಪೈಸೆ ಆಚೀಚೆಯಾಗದ ಹಾಗೆ ಜಮಾ-ಖರ್ಚು ಬರೆದ ಕೈ ಅವರದು. ಬೆಂಗಳೂರಿನಲ್ಲಿರುವ ಮಗ ಒಮ್ಮೆ ಊರಿಗೆ ಬಂದವನು ಅಪ್ಪನ ಸೊಂಟ ನೋಡಿ ಗಾಬರಿಯಾಗಿ, ಆ ಕೈಗೇ ಒಂದು ವಾಚು ಕಟ್ಟಿ, ಫೋನಿಗೆ ಒಂದು ಆ್ಯಪ್ ಹಾಕಿಕೊಟ್ಟು ಹೋದ. ಮಂಡಿ ಗುಮಾಸ್ತನ ಕೈಗೆ ಕ್ಯಾಲೊರಿ ಲೆಕ್ಕ ಕೊಟ್ಟರೆ ಏನಾಗುತ್ತದೆ ಎಂದು ಆ ಹುಡುಗ ಯೋಚಿಸಲೇ ಇಲ್ಲ.

ಆದದ್ದು ಇಷ್ಟು. ದಿನಕ್ಕೆ ಇಂತಿಷ್ಟು ತಿಂದರೆ ತೂಕ ಇಳಿಯುತ್ತದೆ ಎಂದು ಆ್ಯಪ್ ಒಂದು ಗೆರೆ ಎಳೆಯಿತು. ಮೈದಾನ ಸುತ್ತಿ ಬಂದಾಗ ವಾಚು ಗುಯ್ಯೆಂದು ನಡುಗಿ, 340 ಕ್ಯಾಲೊರಿ ಕರಗಿಸಿದಿರಿ, ಭೇಷ್ ಎಂದಿತು. ಆ್ಯಪ್ ಆ 340ನ್ನು ತಿನ್ನುವ ಖಾತೆಗೆ ತಕ್ಷಣ ಜಮಾ ಮಾಡಿ, ಇನ್ನೂ ಇಷ್ಟು ಉಳಿದಿದೆ ಎಂದು ಹಸಿರು ಅಕ್ಷರದಲ್ಲಿ ತೋರಿಸಿತು. ಷಡ್ಡಕರ ಕಣ್ಣು ಅರಳಿತು. ಕೂಡಿಟ್ಟ ದುಡ್ಡು ಬ್ಯಾಂಕಿನಲ್ಲಿ ಬಿಟ್ಟರೆ ಬಡ್ಡಿಯಾದರೂ ಬರುತ್ತದೆ. ರಾತ್ರಿ ಹನ್ನೆರಡು ಹೊಡೆದರೆ ಈ ಬಾಕಿ ಸೊನ್ನೆಯಾಗಿಬಿಡುತ್ತದೆ. ಅದನ್ನು ಹಾಗೇ ಬಿಡುವುದು ಯಾವ ವ್ಯಾಪಾರದ ಧರ್ಮ?

ಹೀಗಾಗಿ ಮೈದಾನದ ಗೇಟಿನಿಂದ ನೇರ ಬಜ್ಜಿ ಬಂಡಿಗೆ. ರಾಯಲಸೀಮೆಯ ಉಗ್ಗಾಣಿ ತಿನ್ನದವರಿಗೆ ಒಂದು ಮಾತು: ಬಳ್ಳಾರಿಯವರು ಒಗ್ಗರಣಿ ಎಂದು ಕರೆದು ನಮ್ಮದೇ ಎನ್ನುವ ಮಂಡಕ್ಕಿಯೇ ಇದು. ನೀರಿನಲ್ಲಿ ಅದ್ದಿ, ಹಿಂಡಿ, ಅರಿಶಿನ-ಈರುಳ್ಳಿಯ ಒಗ್ಗರಣೆಗೆ ಹಾಕಿ, ಮೇಲೆ ಹುರಿಗಡಲೆ ಪುಡಿ ಉದುರಿಸುತ್ತಾರೆ. ಮಂಡಕ್ಕಿ ಎಂದಮೇಲೆ ಗಾಳಿ, ಗಾಳಿಗೆ ಕ್ಯಾಲೊರಿ ಎಲ್ಲಿಂದ ಬರಬೇಕು ಎಂಬುದು ಷಡ್ಡಕರ ವಾದ. ಅದರ ಜೊತೆಗೆ ಬರುವ ಬಜ್ಜಿಯ ವಿಷಯ ಬಂದಾಗ ಮಾತ್ರ ಅವರ ದನಿ ಸ್ವಲ್ಪ ಇಳಿಯುತ್ತದೆ. ಬಂಡಿಯಮ್ಮ ಬಜ್ಜಿಯನ್ನು ಹಳೇ ಪೇಪರಿನ ತುಂಡಿನಲ್ಲಿ ಒತ್ತಿ ಕೊಟ್ಟಾಗ ಎಣ್ಣೆ ಹೀರಿದ ಕಾಗದ ಗಾಜಿನ ಹಾಗೆ ಪಾರದರ್ಶಕವಾಗಿ, ಹಿಂದುಗಡೆ ಅಚ್ಚಾದ ಟೆಂಡರ್ ನೋಟಿಸು ಈ ಕಡೆಯಿಂದಲೇ ಓದಲು ಬರುತ್ತಿತ್ತು. ಊಟದ ಒಂದು ಚಮಚ ಎಣ್ಣೆಯಲ್ಲಿ ಸುಮಾರು 120 ಕ್ಯಾಲೊರಿ. ಆ್ಯಪಿನಲ್ಲಿ ಷಡ್ಡಕರು ಬರೆದುಕೊಂಡದ್ದು: ‘ಮೆಣಸಿನಕಾಯಿ, 2’.

ಮೆಣಸಿನಕಾಯಿ! ತರಕಾರಿಯ ಖಾತೆಗೆ!

“ಅಣ್ಣಾ, ನಿಮ್ಮ ಯಜಮಾನರು ಮಣ ಹುಣಸೆಯಲ್ಲಿ ಬೀಜದ ತೂಕ ಬಿಟ್ಟು ಬರೆದರೆ ಒಪ್ಪುತ್ತಾರಾ?” ಎಂದೆ.

“ಅದು ವ್ಯಾಪಾರ ಕಣಯ್ಯಾ, ಇದು ಆರೋಗ್ಯ” ಎಂದರು.

ನಗಬೇಡಿ. ಷಡ್ಡಕರದು ತಮಾಷೆಯ ಪ್ರಶ್ನೆಯಲ್ಲ. ತೂಕ ಇಳಿಸಲು ಹೊರಟ ಪ್ರತಿಯೊಬ್ಬರೂ ಒಂದಲ್ಲ ಒಂದು ಬೆಳಿಗ್ಗೆ ಬೆವರು ಒರೆಸಿಕೊಳ್ಳುತ್ತ ಕೇಳಿಕೊಳ್ಳುವ ಪ್ರಶ್ನೆಯೇ. ಕರಗಿಸಿದ್ದನ್ನು ಮತ್ತೆ ತಿನ್ನಬಹುದೇ? ತಿನ್ನದಿದ್ದರೆ ನಿತ್ರಾಣವಾಗುತ್ತದೆ ಎನ್ನುವವರೂ ಇದ್ದಾರೆ, ತಿಂದರೆ ನಡೆದದ್ದೇ ದಂಡ ಎನ್ನುವವರೂ ಇದ್ದಾರೆ. ಇಬ್ಬರ ಮಾತಿನಲ್ಲೂ ಸತ್ಯವಿದೆ. ಯಾರ ಮಾತು ಯಾರಿಗೆ ಎನ್ನುವುದರಲ್ಲೇ ಎಲ್ಲ ಇರುವುದು. ಷಡ್ಡಕರ ಮಟ್ಟಿಗೆ ಅದನ್ನು ತೀರ್ಮಾನಿಸಲು ಅವರ ಆಯುಧವನ್ನೇ ಹಿಡಿಯಬೇಕಾಯಿತು. ಮಂಡಿಯ ಕೆಂಪು ರಟ್ಟಿನ ಹಳೇ ಕಿರ್ದಿ ಪುಸ್ತಕದಲ್ಲಿ ಕೊನೆಗೆ ನಾಲ್ಕು ಹಾಳೆ ಖಾಲಿ ಇತ್ತು. ತೆಗೆಸಿದೆ.

ಅವರ ತೂಕ 80 ಕೆಜಿ, ಎತ್ತರ 168 ಸೆಂಟಿಮೀಟರ್, ವಯಸ್ಸು 52. ಮಿಫ್ಲಿನ್–ಸೇಂಟ್ ಜಿಯರ್ ಎಂಬ, 1990ರಲ್ಲಿ ಅಮೆರಿಕದಲ್ಲಿ ಹೊರಬಂದ ಸೂತ್ರವೊಂದಿದೆ. ಬಹುಪಾಲು ಆ್ಯಪುಗಳ ಹೊಟ್ಟೆಯೊಳಗೆ ಕೂತಿರುವುದು ಅದೇ ಅಥವಾ ಅದರ ಅಣ್ಣತಮ್ಮಂದಿರು. ಅದರ ಪ್ರಕಾರ ಷಡ್ಡಕರು ಇಡೀ ದಿನ ಸುಮ್ಮನೆ ಮಲಗಿದ್ದರೂ ಅವರ ದೇಹ ಉಸಿರಾಟಕ್ಕೆ, ಎದೆಬಡಿತಕ್ಕೆ, ಮೈ ಬಿಸಿ ಇಡುವುದಕ್ಕೆ 1,595 ಕ್ಯಾಲೊರಿ ಖರ್ಚು ಮಾಡುತ್ತದೆ. ಗದ್ದುಗೆ ಮೇಲೆ ಕೂತು ಲೆಕ್ಕ ಬರೆಯುವವನಾದರೆ ಅದನ್ನು 1.2ರಿಂದ ಗುಣಿಸಬೇಕು. ಬಂದದ್ದು 1,914. ವಾರದಲ್ಲಿ ಹಲವು ದಿನ ವ್ಯಾಯಾಮ ಮಾಡುವ ಚುರುಕು ಮನುಷ್ಯನಾದರೆ 1.55ರಿಂದ. ಆಗ 2,472. ನೀವು ಯಾರು ಎಂದು ಆ್ಯಪ್ ಮೊದಲ ದಿನವೇ ಕೇಳಿತ್ತು. ಷಡ್ಡಕರು ಒಂದು ಕ್ಷಣವೂ ಹಿಂಜರಿಯದೆ ಚುರುಕು ಮನುಷ್ಯನ ಮೇಲೆ ಬೆರಳಿಟ್ಟಿದ್ದರು. ಬೆಳಿಗ್ಗೆ ನಡೀತೀನಲ್ಲ, ಮತ್ತೇನು?

ಗಮನಿಸಿದಿರಾ? ನಡಿಗೆಯ ಕೂಲಿ ಅಲ್ಲಿಗೇ ಒಮ್ಮೆ ಪಾವತಿಯಾಯಿತು. 558 ಕ್ಯಾಲೊರಿ, ಮುಂಗಡವಾಗಿ. ಇಳಿಸಬೇಕಲ್ಲ ಎಂದು ಆ್ಯಪ್ ಅದರಲ್ಲಿ 500 ಕಳೆದು 1,972 ಎಂದು ಗೆರೆ ಎಳೆಯಿತು. ಅದೇ ನಡಿಗೆಗೆ ವಾಚು ಪ್ರತಿದಿನ ಮತ್ತೆ 340 ಸೇರಿಸುತ್ತಿದೆ. ಒಟ್ಟು 2,312. ಒಂದೇ ಬಿಲ್ಲಿಗೆ ಎರಡು ಸಲ ದುಡ್ಡು ಎತ್ತುವುದಕ್ಕೆ ಮಂಡಿಯಲ್ಲಿ ಏನನ್ನುತ್ತಾರೆ ಎಂದು ಕೇಳಿದೆ. ಅವರು ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡುತ್ತ ಕೂತರು.

ಇನ್ನು ಆ 340 ಅಸಲಿಯೇ? ಸುಮ್ಮನೆ ಕೂತಾಗ ದೇಹ ಒಂದು ಕೆಜಿ ತೂಕಕ್ಕೆ ಗಂಟೆಗೆ ಹೆಚ್ಚುಕಡಿಮೆ ಒಂದು ಕ್ಯಾಲೊರಿ ಉರಿಸುತ್ತದೆ. ಹದವಾದ ನಡಿಗೆಗೆ ಅದರ ಮೂರೂವರೆ ಪಟ್ಟು. 80 ಕೆಜಿಯ ಆಸಾಮಿ ಮುಕ್ಕಾಲು ಗಂಟೆ ನಡೆದರೆ 210. ಅದರಲ್ಲೂ 60 ಕ್ಯಾಲೊರಿ, ನಡೆಯದೆ ಕಟ್ಟೆಯ ಮೇಲೆ ರಾಜಕೀಯ ಮಾತಾಡಿಕೊಂಡು ಕೂತಿದ್ದರೂ ಉರಿದೇ ಹೋಗುತ್ತಿತ್ತು. 1,914ರಲ್ಲಿ ಅದು ಆಗಲೇ ಸೇರಿದೆ. ನಡೆದದ್ದರಿಂದಲೇ ಬಂದ ನಿವ್ವಳ ಲಾಭ 150. ಷಡ್ಡಕರು ನಿಜವಾಗಿ ಖರ್ಚು ಮಾಡಿದ್ದು 2,064, ಆ್ಯಪಿನ ಮಾತು ಚಾಚೂ ತಪ್ಪದೆ ಪಾಲಿಸಿ ತಿಂದದ್ದು 2,312. ದಿನಕ್ಕೆ 248 ಉಳಿತಾಯ, ಸೊಂಟದಲ್ಲಿ. ತಿಂಗಳಿಗೆ 7,440. ಒಂದು ಕೆಜಿ ಕೊಬ್ಬಿಗೆ ಸುಮಾರು 7,700 ಎನ್ನುವುದು ಹಳೆಯ, ಒರಟು ಲೆಕ್ಕ. ದೇಹ ಅಷ್ಟು ನೆಟ್ಟಗೆ ನಡೆಯುವುದಿಲ್ಲ, ನಿಜ. ಆದರೂ ನಿಷ್ಠೆಯಿಂದ ತೂಕ ಇಳಿಸುತ್ತಲೇ ತಿಂಗಳಿಗೆ ಒಂದು ಕೆಜಿಯ ಹತ್ತಿರ ಏರುವ ಈ ವಿದ್ಯೆ ಎಲ್ಲರಿಗೂ ಒಲಿಯುವಂಥದ್ದಲ್ಲ. ಬಜ್ಜಿಯ ಎಣ್ಣೆಯನ್ನು ನಾನು ಇನ್ನೂ ಹಿಡಿದೇ ಇಲ್ಲ, ನೆನಪಿರಲಿ.

ವಾಚಿನ ಮೇಲೆ ನನಗೇನೂ ಹಗೆಯಿಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2017ರಲ್ಲಿ ಮಣಿಕಟ್ಟಿಗೆ ಕಟ್ಟುವ ಏಳು ಬಗೆಯ ಇಂಥ ಯಂತ್ರಗಳನ್ನು ಪರೀಕ್ಷೆ ಮಾಡಿ ಪ್ರಕಟಿಸಿದರು. ಎದೆಬಡಿತ ಎಣಿಸುವುದರಲ್ಲಿ ಹೆಚ್ಚಿನವು ಚೆನ್ನಾಗಿಯೇ ಪಾಸಾದವು. ಕ್ಯಾಲೊರಿ ಲೆಕ್ಕದಲ್ಲಿ ಮಾತ್ರ ಎಲ್ಲಕ್ಕಿಂತ ಚೆನ್ನಾಗಿದ್ದದ್ದೇ ಸರಾಸರಿ ನೂರಕ್ಕೆ 27ರಷ್ಟು ತಪ್ಪಿತು. ತೀರಾ ಕೆಟ್ಟದ್ದು ನೂರಕ್ಕೆ 93. ನೂರಕ್ಕೆ 27 ತಪ್ಪುವ ತಕ್ಕಡಿಯನ್ನು ಹಿಂದೂಪುರದ ಮಂಡಿಯಲ್ಲಿಟ್ಟರೆ ಮಧ್ಯಾಹ್ನದೊಳಗೆ ಪೊಲೀಸರು ಬರುತ್ತಾರೆ.

ಲೆಕ್ಕದಲ್ಲಿ ಸೋತವರು ಇತಿಹಾಸಕ್ಕೆ ಹೋಗುತ್ತಾರೆ. ಷಡ್ಡಕರೂ ಹೋದರು.

“ಕೃಷ್ಣದೇವರಾಯರು ಏನು ಮಾಡ್ತಿದ್ರು ಗೊತ್ತಾ?” ಎಂದರು.

ಗೊತ್ತು. ನಮ್ಮ ಸೀಮೆಯಲ್ಲಿ ಅದು ಗೊತ್ತಿಲ್ಲದವರಿಲ್ಲ. ಹಿಂದೂಪುರದ ಪಕ್ಕದ ಪೆನುಕೊಂಡೆ ಎಂದರೆ ವಿಜಯನಗರದವರ ಎರಡನೇ ಮನೆ. 1565ರ ಯುದ್ಧದಲ್ಲಿ ಹಂಪೆ ಹಾಳಾದಮೇಲೆ ತಿರುಮಲರಾಯ ರಾಜಧಾನಿ ಹೊತ್ತು ತಂದದ್ದು ಅಲ್ಲಿಗೇ. ಕೃಷ್ಣದೇವರಾಯನ ಕಾಲದಲ್ಲಿ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ರಾಯನ ಬೆಳಗಿನ ದಿನಚರಿಯನ್ನು ಬರೆದಿಟ್ಟಿದ್ದಾನೆ. ಬಳ್ಳಾರಿಯಲ್ಲಿ ಕಲೆಕ್ಟರಾಗಿದ್ದ ರಾಬರ್ಟ್ ಸೀವೆಲ್ 1900ರಲ್ಲಿ ಅದನ್ನು ಇಂಗ್ಲಿಷಿಗೆ ತಂದ. ಬೆಳಕು ಹರಿಯುವ ಮುಂಚೆ ರಾಯ ಮುಕ್ಕಾಲು ಪಿಂಟಿನಷ್ಟು ಎಳ್ಳೆಣ್ಣೆ ಕುಡಿಯುತ್ತಿದ್ದನಂತೆ. ನಮ್ಮ ಲೆಕ್ಕಕ್ಕೆ ನಾನೂರು ಮಿಲಿ ಆಸುಪಾಸು. ಅದೇ ಎಣ್ಣೆಯನ್ನು ಮೈಗೆಲ್ಲ ಬಳಿದುಕೊಂಡು, ಮಣ್ಣಿನ ಭಾರವಾದ ಗುಂಡುಗಳನ್ನು ಎತ್ತಿ, ಎಣ್ಣೆಯೆಲ್ಲ ಬೆವರಾಗಿ ಹೊರಬರುವ ತನಕ ಕತ್ತಿ ತಿರುಗಿಸಿ, ಜಟ್ಟಿಯ ಜೊತೆ ಕುಸ್ತಿಯಾಡಿ, ಆಮೇಲೆ ಕುದುರೆ ಏರಿ ಬಯಲಿನಲ್ಲಿ ಆ ಕಡೆ ಈ ಕಡೆ ಓಡಿಸುತ್ತಿದ್ದನಂತೆ. ಇಷ್ಟೂ ಸೂರ್ಯ ಹುಟ್ಟುವುದರೊಳಗೆ.

“ನೋಡು ಮತ್ತೆ, ರಾಯರು ಮೊದಲು ತಗೊಂಡು ಆಮೇಲೆ ಕರಗಿಸ್ತಿದ್ರು. ನಾನು ಮೊದಲು ಕರಗಿಸಿ ಆಮೇಲೆ ತಗೋತೀನಿ. ರಾಯರದು ಉದ್ರಿ, ನನ್ನದು ನಗದು. ಯಾವುದು ಮೇಲು?”

ಈ ಒಂದು ಮಾತಿಗೆ ಅವರ ಬಜ್ಜಿಯ ದುಡ್ಡು ನಾನೇ ಕೊಡಬೇಕೆನಿಸಿತು. ಆದರೆ ಲೆಕ್ಕ ಲೆಕ್ಕವೇ. ನಾನೂರು ಮಿಲಿ ಎಳ್ಳೆಣ್ಣೆ ಎಂದರೆ ಮೂರು ಸಾವಿರ ಕ್ಯಾಲೊರಿಗೆ ಮೇಲೆ. ಕತ್ತಿ, ಕುಸ್ತಿ, ಕುದುರೆ ಎಲ್ಲ ಸೇರಿ ಎರಡು ಮೂರು ತಾಸಿನಲ್ಲಿ ಅಷ್ಟು ಕರಗುವುದು ಅನುಮಾನ. ಬೆವರಿನಲ್ಲಿ ಎಣ್ಣೆ ಹೊರಗೆ ಬರುವುದೂ ಇಲ್ಲ, ಬರುವುದು ನೀರು, ಉಪ್ಪು. ಪಾಯೆಸ್ ಕಂಡ ಎಣ್ಣೆ ಮೈಗೆ ಬಳಿದದ್ದು. ಮುಖ್ಯವಾದ ವಿಷಯವನ್ನು ಷಡ್ಡಕರು ಹೇಳದೆ ನುಂಗಿಕೊಂಡಿದ್ದರು. ಅದೇ ಪಾಯೆಸ್ ರಾಯನ ರೂಪ ವರ್ಣಿಸುವಾಗ ಮಧ್ಯಮ ಎತ್ತರ, ಒಳ್ಳೆಯ ಬಣ್ಣ, ತೆಳ್ಳಗೆ ಎನ್ನುವುದಕ್ಕಿಂತ ದಪ್ಪಗೆ ಎನ್ನಬೇಕಾದ ಮೈ ಎಂದಿದ್ದಾನೆ. ನಸುಕಿನಲ್ಲಿ ಎದ್ದು ಜಟ್ಟಿಯನ್ನು ಚಿತ್ ಮಾಡಿದ ಚಕ್ರವರ್ತಿಯ ಗತಿಯೇ ಹೀಗೆ. ಎಂ.ಜಿ.ಎಂ. ಮೈದಾನದಲ್ಲಿ ಫೋನಿನಲ್ಲಿ ಮಾತಾಡುತ್ತ ನಡೆದವರ ಗತಿ?

ಸೋಲೊಪ್ಪದ ಷಡ್ಡಕರನ್ನು ಕಲ್ಯಾಣದುರ್ಗಕ್ಕೆ ಕರೆದುಕೊಂಡು ಹೋಗುವ ಸಂದರ್ಭ ತಾನಾಗಿಯೇ ಬಂತು. ನಮ್ಮಿಬ್ಬರ ಹೆಂಡಂದಿರ ಸೋದರಮಾವ ಅಲ್ಲಿಯ ಒಂದು ಹಳ್ಳಿಯಲ್ಲಿ ಕಡಲೆಕಾಯಿ ಬೆಳೆಯುತ್ತಾರೆ. ಕಾಯಿ ಕೀಳುತ್ತಿದ್ದೇವೆ, ಬನ್ನಿ ಎಂದು ಹೇಳಿಕಳಿಸಿದ್ದರು. ಹಿಂದೂಪುರದಿಂದ ಮಡಕಶಿರಾ ದಾಟಿ ಪಾವಗಡದ ಮೇಲೆ ಹೋಗುವುದು. ಆಂಧ್ರದಲ್ಲಿ ಹತ್ತಿ, ಕರ್ನಾಟಕದಲ್ಲಿ ಬಸ್ಸು ಬದಲಿಸಿ, ಮತ್ತೆ ಆಂಧ್ರದಲ್ಲಿ ಇಳಿಯಬೇಕು. 1953ರಲ್ಲಿ ಬಳ್ಳಾರಿ ಮೈಸೂರಿಗೆ ಸೇರಿದಾಗ ಮಡಕಶಿರಾದ ಕನ್ನಡದ ಹಳ್ಳಿಗಳು ಅನಂತಪುರದಲ್ಲೇ ಉಳಿದವು. ಈಗ 2022ರ ಏಪ್ರಿಲ್ 4ರಿಂದ ಹಿಂದೂಪುರ, ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆ, ಕಲ್ಯಾಣದುರ್ಗ ಅನಂತಪುರ ಜಿಲ್ಲೆ. ಜಿಲ್ಲೆ ಎಷ್ಟು ಸಲ ಬದಲಾದರೂ ಅಗಳಿ, ಅಮರಾಪುರ, ರೊಳ್ಳದ ಮನೆಗಳೊಳಗೆ ಬೈಗುಳ ಕನ್ನಡದಲ್ಲೇ ಇದೆ, ಅದಕ್ಕೆ ಸಂತೋಷ.

ದಾರಿಯಲ್ಲಿ ಒಂದು ಚಮತ್ಕಾರವಾಯಿತು. ಗುಂಡಿ ಬಿದ್ದ ಕಡೆಯೆಲ್ಲ ಬಸ್ಸು ಕುಣಿಯಿತು, ಬಸ್ಸಿನ ಜೊತೆ ಷಡ್ಡಕರ ಕೈ ಕುಣಿಯಿತು, ಕೈಯ ಜೊತೆ ವಾಚು ಎಣಿಸಿತು. ಕಿಟಕಿ ಪಕ್ಕ ಕೂತು ತೂಕಡಿಸುತ್ತಿದ್ದ ಮನುಷ್ಯನ ಖಾತೆಗೆ ನೂರಾರು ಹೆಜ್ಜೆ ಜಮಾ ಆದವು. ಎಚ್ಚರವಾಗಿ ನೋಡಿಕೊಂಡವರ ಮುಖದಲ್ಲಿ ಲಾಟರಿ ಹೊಡೆದ ಕಳೆ. ದಿನಕ್ಕೆ ಹತ್ತು ಸಾವಿರ ಹೆಜ್ಜೆ ಆಗಬೇಕು, ಇವತ್ತು ನಡೆಯದೆಯೇ ಆಗಿಬಿಡುತ್ತದೆ ಎಂದರು. ಆ ಹತ್ತು ಸಾವಿರ ಯಾವ ಡಾಕ್ಟರೂ ಬರೆದುಕೊಟ್ಟ ಚೀಟಿಯಲ್ಲ. 1965ರಲ್ಲಿ, ಟೋಕಿಯೊ ಒಲಿಂಪಿಕ್ಸ್ ಮುಗಿದ ಮರುವರ್ಷ, ಜಪಾನಿನ ಒಂದು ಕಂಪನಿ ಹೆಜ್ಜೆ ಎಣಿಸುವ ಯಂತ್ರವನ್ನು ಮಾರಲು ಇಟ್ಟ ಹೆಸರಿನಲ್ಲಿ ಆ ಸಂಖ್ಯೆ ಇತ್ತು, ಅಷ್ಟೆ. ಪಾವಗಡದ ಸೀಮೆಯಲ್ಲಿ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಇದೆ. ಅಲ್ಲಿ ಬಿಸಿಲಿಗೂ ಮೀಟರು ಹಾಕಿದ್ದಾರೆ. ಅದು ನಮ್ಮ ಷಡ್ಡಕರ ಮಣಿಕಟ್ಟಿನದಕ್ಕಿಂತ ನಂಬಿಕಸ್ಥ.

ಮಾವನ ಹೊಲ ತಲುಪುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿತ್ತು. ಕಿತ್ತ ಗಿಡಗಳನ್ನು ಬೇರು ಮೇಲೆ ಮಾಡಿ ಸಾಲಾಗಿ ಒಣಹಾಕಿದ್ದರು. ಹೆಂಗಸರು ಗುಂಪಾಗಿ ಕೂತು ಕಾಯಿ ಬಿಡಿಸುತ್ತಿದ್ದರು. ಮಾವನಿಗೆ ಎಪ್ಪತ್ತರ ಹತ್ತಿರ. ಮೈಮೇಲೆ ಹಿಡಿಯೋಣವೆಂದರೆ ಹಿಡಿ ಮಾಂಸವಿಲ್ಲ. ಬೆಳಿಗ್ಗೆ ಐದಕ್ಕೆ ಬಗ್ಗಿದ ಸೊಂಟ ಊಟದ ಹೊತ್ತಿಗೇ ನೆಟ್ಟಗಾಗುವುದು. ಊಟವೋ, ಎರಡು ಮುದ್ದೆ ರಾಗಿ ಸಂಗಟಿ, ಹಸಿಮೆಣಸಿನಕಾಯಿ ಹಾಕಿ ರುಬ್ಬಿದ ಕಡಲೆಬೀಜದ ಊರುಬಿಂಡಿ, ಸೊಪ್ಪಿನ ಸಾರು, ಮೇಲೆ ಒಂದು ಚೆಂಬು ಮಜ್ಜಿಗೆ. ಮಾವ ಮೊದಲನೇ ಮುದ್ದೆ ಮುಗಿಸಿದ್ದೂ ನಮಗೆ ಗೊತ್ತಾಗಲಿಲ್ಲ. ಷಡ್ಡಕರು ಫೋನು ತೆಗೆದು ಲೆಕ್ಕ ಹಾಕತೊಡಗಿದರು. ರಾಗಿಹಿಟ್ಟು ನೂರು ಗ್ರಾಮಿಗೆ 320, ಕಡಲೆಬೀಜ ನೂರು ಗ್ರಾಮಿಗೆ 500 ದಾಟುತ್ತೆ.

“ಮಾವಾ, ಎಷ್ಟು ಕ್ಯಾಲೊರಿ ಆಯ್ತು ಗೊತ್ತಾ ನಿಮಗೆ?”

ಮಾವ ಊರುಬಿಂಡಿಯ ಬೆರಳು ನೆಕ್ಕಿಕೊಂಡು ಯೋಚಿಸಿದರು. “ಕದಿರಿ ಆರು ಗೊತ್ತಪ್ಪ. ಕದಿರಿ ಲೇಪಾಕ್ಷಿ ಗೊತ್ತು, ಹೋದ ಸಲ ಹಾಕಿದ್ದೆ. ಈ ಕ್ಯಾಲೊರಿ ಯಾವ ತಳಿ? ಎಕರೆಗೆ ಎಷ್ಟು ಮೂಟೆ ಬರುತ್ತೆ?”

ನಾನು ಮಜ್ಜಿಗೆಯ ಚೆಂಬಿನ ಹಿಂದೆ ಮುಖ ಮುಚ್ಚಿಕೊಂಡೆ.

ಊಟವಾದ ಮೇಲೆ ಷಡ್ಡಕರಿಗೂ ಹುರುಪು ಬಂದು ಪಂಚೆ ಎತ್ತಿ ಕಟ್ಟಿ ಒಂದು ಸಾಲು ಗಿಡ ಕೀಳಲು ಇಳಿದರು. ಆ ಮಣ್ಣಿನ ಸ್ವಭಾವ ನಿಮಗೆ ಗೊತ್ತಿರಬೇಕು. ಮಳೆ ಕೊನೆಗೆ ಕೈಕೊಟ್ಟ ವರ್ಷ ನೆಲ ಕಲ್ಲಾಗಿ, ಗಿಡ ಎಳೆದರೆ ಕಾಯಿ ಭೂಮಿಯಲ್ಲೇ ಉಳಿದು ಬಳ್ಳಿ ಮಾತ್ರ ಕೈಗೆ ಬರುತ್ತದೆ. ಅರ್ಧ ಸಾಲಿಗೆ ಅವರ ಅಂಗಿ ಬೆನ್ನಿಗೆ ಅಂಟಿತು, ಮುಖ ಹಣ್ಣು ಮೆಣಸಿನಕಾಯಿಯ ಬಣ್ಣಕ್ಕೆ ತಿರುಗಿತು. ವಾಚು ನೋಡಿಕೊಂಡರೆ ಹೆಜ್ಜೆ: ನಲವತ್ತು ಚಿಲ್ಲರೆ! ಬಸ್ಸಿನಲ್ಲಿ ನಿದ್ದೆ ಮಾಡಿದವನಿಗೆ ಕೈತುಂಬ ಕೊಟ್ಟ ಯಂತ್ರ, ಜೀವಮಾನದಲ್ಲಿ ಮೊದಲ ಬಾರಿ ದುಡಿದವನಿಗೆ ಕೈ ಆಡಿಸಿಬಿಟ್ಟಿತು. ಷಡ್ಡಕರಿಗೆ ನಿಜವಾಗಿಯೂ ಸಿಟ್ಟು ಬಂದದ್ದು ಆವತ್ತೇ.

ಇಲ್ಲಿ ಒಂದು ವಿಷಯ ಗಂಭೀರವಾಗಿ ಹೇಳಬೇಕು, ತಾಳಿಕೊಳ್ಳಿ. ಕರಗಿಸಿದ್ದನ್ನು ತಿಂದು ತುಂಬಿಸಿಕೊಳ್ಳುವ ಹಕ್ಕು ನೂರಕ್ಕೆ ನೂರು ಇರುವವರು ಮಾವನಂಥವರು. ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆಯವರ 2020ರ ಲೆಕ್ಕದಂತೆ 65 ಕೆಜಿಯ ಗಂಡಸು ಕೂತು ಕೆಲಸ ಮಾಡುವವನಾದರೆ ದಿನಕ್ಕೆ 2,110 ಕ್ಯಾಲೊರಿ ಸಾಕು, ಮೈಮುರಿದು ದುಡಿಯುವವನಾದರೆ 3,470 ಬೇಕು. ನಡುವಿನ 1,360 ಇದೆಯಲ್ಲ, ಅದು ಮಾವನ ಎರಡನೇ ಮುದ್ದೆ, ಊರುಬಿಂಡಿ, ಸಾಯಂಕಾಲದ ಹಿಡಿ ಹುರಿದ ಕಾಯಿ. ಅದನ್ನು ಎಣಿಸುವ ಅಗತ್ಯವೇ ಅವರಿಗಿಲ್ಲ, ಹಸಿವು ಎಣಿಸಿಕೊಡುತ್ತದೆ. ಗ್ರಾಮೀಣ ಉದ್ಯೋಗ ಖಾತ್ರಿ ಯೋಜನೆ ದೇಶದಲ್ಲೇ ಮೊದಲು ಶುರುವಾದದ್ದು ಇದೇ ಅನಂತಪುರ ಜಿಲ್ಲೆಯ ಬಂಡ್ಲಪಲ್ಲಿಯಲ್ಲಿ, 2006ರ ಫೆಬ್ರವರಿ 2ರಂದು. ಬೇಸಿಗೆಯ ಬಿಸಿಲಲ್ಲಿ ಅಲ್ಲಿ ಗುಂಡಿ ತೋಡಿದ ಹೆಂಗಸಿಗೆ ‘ಕರಗಿಸಿದ್ದನ್ನು ತಿನ್ನಬೇಡಮ್ಮ’ ಎಂದು ಉಪದೇಶ ಮಾಡುವವನ ಕೈಗೆ ಮೊದಲು ಗುದ್ದಲಿ ಕೊಡಬೇಕು.

ಹಸಿವು ಎಣಿಸಿಕೊಡುತ್ತದೆ ಎಂದೆನಲ್ಲ, ಅದು ಯಾರಿಗೆ ಎಣಿಸಿಕೊಡುವುದಿಲ್ಲ ಎಂಬುದಕ್ಕೂ ಒಂದು ಹಳೆಯ ಸಾಕ್ಷಿಯಿದೆ, ಅದೂ ನಮ್ಮ ದೇಶದ್ದೇ. ಬಂಗಾಳದ ಸೆಣಬಿನ ಗಿರಣಿಯೊಂದರ ಗಂಡಸರ ಊಟ, ತೂಕ, ಕೆಲಸ ಮೂರನ್ನೂ ಹೋಲಿಸಿ ಜೀನ್ ಮೇಯರ್, ಪೂರ್ಣಿಮಾ ರಾಯ್, ಕೆ.ಪಿ. ಮಿತ್ರ ಎಂಬ ಮೂವರು 1956ರಲ್ಲಿ ಬರೆದರು. ಭಾರ ಹೊರುವವರು ಹೆಚ್ಚು ತಿನ್ನುತ್ತಿದ್ದರು, ತೂಕ ಹದದಲ್ಲಿತ್ತು. ಹಗುರ ಕೆಲಸದವರು ಕಡಿಮೆ ತಿನ್ನುತ್ತಿದ್ದರು, ಅವರದೂ ಹದದಲ್ಲಿತ್ತು. ಹಗುರದಿಂದ ಭಾರದ ಕಡೆ ಹೋದಂತೆ ಊಟ ತಾನೇ ಏರುತ್ತಿತ್ತು. ಕೂತೇ ಇರುವ ಅಂಗಡಿಯವರು, ಮೇಲ್ವಿಚಾರಕರ ಸರದಿ ಬಂದಾಗ ಮಾತ್ರ ಲೆಕ್ಕ ತಲೆಕೆಳಗಾಯಿತು. ಕೆಲಸ ಎಲ್ಲರಿಗಿಂತ ಕಡಿಮೆ, ಊಟ ಭಾರ ಹೊರುವವರಿಗೆ ಸರಿಸಮ, ತೂಕ ಎಲ್ಲರಿಗಿಂತ ಹೆಚ್ಚು. ತೀರಾ ಕೂತುಬಿಟ್ಟರೆ ಹಸಿವಿನ ತಕ್ಕಡಿಯ ಮುಳ್ಳು ಸಿಕ್ಕಿಹಾಕಿಕೊಳ್ಳುತ್ತದೆ ಎಂದಾಯಿತು. ಗದ್ದುಗೆ ಮೇಲೆ ಕೂತ ಷಡ್ಡಕರ ಪೂರ್ವಿಕರನ್ನು ಮೇಯರ್ ಸಾಹೇಬರು ಬಂಗಾಳದಲ್ಲೇ ಕಂಡುಬಿಟ್ಟಿದ್ದರು. ಹಾಗಾದರೆ ನಡಿಗೆಯ ದೊಡ್ಡ ಲಾಭ ಕರಗುವ 150 ಕ್ಯಾಲೊರಿಯಲ್ಲ. ಸಿಕ್ಕಿಹಾಕಿಕೊಂಡ ಆ ಮುಳ್ಳು ಸ್ವಲ್ಪ ಅಲ್ಲಾಡೀತು ಎನ್ನುವುದೇ. ನಡೆದ ಕೂಡಲೇ ಬಜ್ಜಿ ಬಂಡಿಗೆ ಹೋದರೆ ಅದಕ್ಕೂ ಅವಕಾಶವಿಲ್ಲ.

ದೇಹವೂ ಕಡಿಮೆ ಪಾಕಡಾ ಅಲ್ಲ. ಟಾಂಜಾನಿಯಾದ ಹಾಡ್ಜಾ ಎಂಬ ಬೇಟೆ-ಗೆಡ್ಡೆಗಳ ಜನ ದಿನವಿಡೀ ಕಾಡು ಸುತ್ತುವವರು. ಹರ್ಮನ್ ಪಾಂಟ್ಸರ್ ಮತ್ತು ಸಂಗಡಿಗರು ಅವರ ದಿನದ ಒಟ್ಟು ಖರ್ಚು ಅಳೆದು 2012ರಲ್ಲಿ ಪ್ರಕಟಿಸಿದಾಗ, ಮೈತೂಕದ ವ್ಯತ್ಯಾಸ ತೆಗೆದರೆ, ಅದು ಕುರ್ಚಿಯ ಮೇಲೆ ಕೂತ ಅಮೆರಿಕದವರ ಖರ್ಚಿಗಿಂತ ಹೆಚ್ಚೇನೂ ಇರಲಿಲ್ಲ. ಒಂದು ಕಡೆ ಹೆಚ್ಚು ದುಡಿಸಿದರೆ ದೇಹ ಇನ್ನೊಂದು ಕಡೆ ಸದ್ದಿಲ್ಲದೆ ಖರ್ಚು ಕಡಿತ ಮಾಡುತ್ತದೆ ಎಂಬುದು ಪಾಂಟ್ಸರ್ ವಾದ. ಎಷ್ಟು ಮಾಡುತ್ತದೆ ಎಂಬುದಕ್ಕೆ ಪಂಡಿತರಲ್ಲಿ ಜಗಳವಿದೆ, ಆಗಲಿ. ದೇಹ ಮಾಡದಿದ್ದರೂ ನಾವು ಮಾಡುತ್ತೇವೆ. ಬೆಳಿಗ್ಗೆ ಮೈದಾನ ಸುತ್ತಿದ ಷಡ್ಡಕರು ಆಮೇಲೆ ಇಡೀ ದಿನ ಬೀದಿಕೊನೆಯ ಅಂಗಡಿಗೂ ಸ್ಕೂಟರ್ ಹತ್ತುತ್ತಾರೆ. ಕೇಳಿದರೆ, ಆಗಲೇ ನಡೆದಾಯ್ತಲ್ಲ ಎನ್ನುತ್ತಾರೆ. ಅದನ್ನು ಆ್ಯಪ್ ಯಾವ ಖಾತೆಗೂ ಬರೆದುಕೊಳ್ಳುವುದಿಲ್ಲ.

ಮರುದಿನ ಬೆಳಿಗ್ಗೆ ಕಲ್ಯಾಣದುರ್ಗದ ಅಕ್ಕಮ್ಮನ ಬೆಟ್ಟ ಹತ್ತೋಣವೆಂದರು. ಹತ್ತಿದೆವು. ವಾಚು ಎಷ್ಟು ತೋರಿಸಿತೋ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಕೆಳಗೆ ಬಂದಮೇಲೆ ಬಜ್ಜಿ ಬಾಣಲೆಯ ಎದುರು ಕಾಲು ನಿಂತಿತು. “ಅರ್ಧ?” ಎಂದರು. ಅಕ್ಕ, ಅಂದರೆ ಅವರ ಶ್ರೀಮತಿ, ನನ್ನ ಹೆಂಡತಿಯ ಅಕ್ಕ, ಇಲ್ಲಿಯವರೆಗೆ ಇಡೀ ವ್ಯಾಜ್ಯದಲ್ಲಿ ಒಂದು ಮಾತೂ ಆಡದವರು, “ಅರ್ಧ ಬಜ್ಜಿ ಯಾರು ಮಾರ್ತಾರೆ, ನಡೀರಿ” ಎಂದರು. ನಡೆದರು.

ಆದರೂ ‘ಅರ್ಧ’ ಎನ್ನುವ ಮಾತು ಪೂರ್ತಿ ತಳ್ಳಿಹಾಕುವಂಥದ್ದಲ್ಲ. ದಿನಾ ಒಂದೂವರೆ ಎರಡು ಗಂಟೆ ಓಡುವವರು, ಸೈಕಲ್ ತುಳಿಯುವವರು, ಗರಡಿಯಲ್ಲಿ ಬೆವರು ಸುರಿಸುವ ಹುಡುಗ ಹುಡುಗಿಯರು ಏನನ್ನೂ ತುಂಬಿಸಿಕೊಳ್ಳದೆ ಹಟ ಹಿಡಿದರೆ ಮಾಂಸವೂ ಕರಗುತ್ತದೆ, ನಿದ್ದೆ ಕೆಡುತ್ತದೆ, ಹೆಣ್ಣುಮಕ್ಕಳ ಮುಟ್ಟು ಏರುಪೇರಾಗುತ್ತದೆ. ಅಂಥವರು ಯಂತ್ರ ತೋರಿಸಿದ್ದರಲ್ಲಿ ಅರ್ಧ ಹಿಡಿದುಕೊಂಡು ಅಷ್ಟನ್ನು ತಿನ್ನಲಿ, ಮೊಟ್ಟೆ, ಕಾಳು, ಮೊಸರು ಯಾವುದಾದರೂ ಸರಿ, ಕರಿದದ್ದು ಬೇಡ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರಿಗೆ ಈ ಹರಟೆಯೇ ಸಲ್ಲದು. ಬರೀ ಹೊಟ್ಟೆಯಲ್ಲಿ ಹೆಚ್ಚು ನಡೆದರೆ ಸಕ್ಕರೆ ಕುಸಿದು ಬೀಳಬಹುದು. ಯಾವಾಗ, ಎಷ್ಟು ತಿನ್ನಬೇಕೆಂದು ಅವರು ಡಾಕ್ಟರನ್ನೇ ಕೇಳಬೇಕು, ಷಡ್ಡಕರನ್ನೂ ಅಲ್ಲ, ನನ್ನನ್ನೂ ಅಲ್ಲ.

ಮಿಕ್ಕ ನಾವು, ಬೆಳಿಗ್ಗೆ ಮುಕ್ಕಾಲು ಗಂಟೆ ನಡೆದು ಆಮೇಲೆ ಕುರ್ಚಿಗೆ ಅಂಟುವವರು, ತಿನ್ನಬಾರದು. ಹೇಳಿಬಿಟ್ಟೆ. ಆ 150 ಅಲ್ಲೇ ಇರಲಿ. ಯಂತ್ರದ ತಪ್ಪು, ಎಣ್ಣೆಯ ತಪ್ಪು, ‘ಒಂದೇ ಒಂದು’ ಎಂದು ಅಡುಗೆಮನೆಯಲ್ಲಿ ನಿಂತೇ ಬಾಯಿಗೆ ಹಾಕಿಕೊಂಡದ್ದು, ಎಲ್ಲಕ್ಕೂ ಅದೇ ಸಾಲದು. ವಾರಕ್ಕೆ ಒಂದೇ ದಿನ, ಒಂದೇ ಹೊತ್ತಿಗೆ ತೂಕ ನೋಡಿ ನಾಲ್ಕು ವಾರ ಬರೆದಿಡಿ. ವಾರಕ್ಕೆ ಅರ್ಧ ಕೆಜಿಯ ಹತ್ತಿರ ಇಳಿಯುತ್ತಿದ್ದರೆ ಇದ್ದಂತೆಯೇ ನಡೆಯಲಿ. ಒಂದು ಕೆಜಿಗೂ ಹೆಚ್ಚು ಇಳಿದು ತಲೆ ಸುತ್ತುತ್ತಿದ್ದರೆ ಊಟ ಹೆಚ್ಚಿಸಿ. ಇಳಿಯದೇ ಇದ್ದರೆ ವಾಚನ್ನು ಬೈಯುವ ಮುಂಚೆ, ನೀವು ಎಂಥ ಮನುಷ್ಯ ಎಂದು ಮೊದಲ ದಿನ ಆ್ಯಪಿಗೆ ಹೇಳಿದ್ದನ್ನು ಒಮ್ಮೆ ತೆರೆದು ನೋಡಿ, ಚುರುಕು ಎಂದಿದ್ದರೆ ತಿದ್ದಿ. ವ್ಯಾಯಾಮದ ಕ್ಯಾಲೊರಿಯನ್ನು ಊಟದ ಲೆಕ್ಕಕ್ಕೆ ಸೇರಿಸುವುದೋ ಬೇಡವೋ ಎಂದು ಕೇಳುವ ಗುಂಡಿಯೊಂದು ಎಷ್ಟೋ ಆ್ಯಪುಗಳ ಸೆಟ್ಟಿಂಗ್ಸ್‌ನಲ್ಲಿ ಇರುತ್ತದೆ. ನಿಮ್ಮದರಲ್ಲಿ ಇದ್ದರೆ ಇವತ್ತೇ ಆರಿಸಿಬಿಡಿ.